ಫಳಫಳ ಹೊಳೆದ ಪಿನ್ನುಗಳು

"ಟಾರ್ಚ್ ಅಲ್ಲಾಡಿಸ್ಬ್ಯಾಡ ಬಿಂದು! ಉಸಿರು ಬಿಗಿಹಿಡ್ಕ."

ಬಿಂದುಶ್ರೀ ಉಸಿರು ಬಿಗಿಹಿಡಿದಳು. ಚಿಕ್ಕಪ್ಪ ಗುರುಪ್ರಕಾಶ್ ಹೊಲಿಗೆ ಸೂಜಿಯನ್ನು ಬಗ್ಗಿದ ಪಿನ್ನಿನ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದ. ಪಿನ್ನು ನೆಟ್ಟಗಾಯಿತು.

"ಹಾಂ! ಕೊನೇದೂ ಎದ್ದು ನಿಂತ ನೋಡು, ಹೀರೋ ಥರ!"

ಕೋಣೆಯ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ನಿಂತಿತ್ತು. ಚಿಕ್ಕಪ್ಪ ಹುಡುಗನಾಗಿದ್ದಾಗ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಕಾಯಿನ್ ಹಾಕಿ ಆಡುತ್ತಿದ್ದದ್ದು ಇದರಲ್ಲೇ. ಆ ಅಂಗಡಿ ಮುಚ್ಚಿದಾಗ ಕಾಡಿ ಬೇಡಿ ಮನೆಗೆ ತಂದಿಟ್ಟುಕೊಂಡಿದ್ದ. ತರುವಾಗ ಯಾರೋ ಪುಣ್ಯಾತ್ಮರು ಪ್ಲಗ್ಗನ್ನು ಓರೆಯಾಗಿ ಜಗ್ಗಿ, ಒಳಗಿನ ಬೋರ್ಡಿನ ಪಿನ್ನುಗಳೆಲ್ಲ ಬಗ್ಗಿ ಹೋಗಿದ್ದವು. ಬಾಚಣಿಗೆ ಹಲ್ಲಿನಂತೆ ಸಾಲಾಗಿದ್ದ ಹಿತ್ತಾಳೆ ಪಿನ್ನುಗಳು. ಅವು ಸರಿಯಾಗದೆ ಗೇಮ್ ಆನ್ ಆಗುವುದಿಲ್ಲ.

ಆನ್ ಆಗಲೇಬೇಕಿತ್ತು. ಬಿಂದುವಿನ ಅಪ್ಪ ಸದಾಶಿವಪ್ಪನವರದು ಬೀಜ, ಗೊಬ್ಬರದ ಅಂಗಡಿ. "ಸೋಮವಾರ ಮೆಕ್ಕೆಜೋಳದ ಬೀಜ ಬರ್ತತಿ, ಈ ಕೋಣೆ ಬೇಕು. ಅಷ್ಟ್ರೊಳಗೆ ಆನ್ ಆದ್ರೆ ನಿನ್ ರಿಪೇರಿ ಅಂಗಡೀಲಿ ಇಟ್ಕ. ಇಲ್ಲಾಂದ್ರೆ ಗುಜರಿಗೆ," ಎಂದು ತಮ್ಮನಿಗೆ ಹೇಳಿಬಿಟ್ಟಿದ್ದರು. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು, ದೇವರು ಬಂದು ಹೇಳಿದರೂ ಬದಲಾಗುವುದಿಲ್ಲ.

ಬಿಂದು ಮಾತ್ರ ಕ್ಲಾಸಿನಲ್ಲಿ ನೀಲಾಂಬಿಕಳಿಗೆ ಆಗಲೇ ಮಾತು ಕೊಟ್ಟಿದ್ದಳು. "ಫಸ್ಟ್ ಚಾನ್ಸ್ ನಂದು. ಸೆಕೆಂಡ್ ನಿಂದೇ!"

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಚಪ್ಪಲಿ ಮೆಟ್ಟಿದ. "ಸೊರಬದ ಯೋಗೇಶನ ಹತ್ರ ಇದಕ್ಕೆ ಕೂರೋ ಪ್ಲಗ್ ಐತಂತೆ, ತಗಂಡು ಬರ್ತೀನಿ. ಪಿನ್ನಿನ ಕಿಲುಬು ತೆಗಿಯೋದೊಂದು ಬಾಕಿ ಐತಿ. ಬಿಚ್ಚಿಟ್ಟಿರೋ ಬೋರ್ಡ್ ನೋಡ್ಕ. ನಾ ಬರೋವರ್ಗೂ ನೀನೇ ಇಂಜಿನಿಯರು."

ಇಂಜಿನಿಯರ್ ಎಂದ ಮೇಲೆ ಸುಮ್ಮನೆ ಕೂರಲಾಗುತ್ತದೆಯೇ?

ಹಿತ್ತಲಲ್ಲಿ ಅಜ್ಜಿ ಅಕ್ಕನಾಗಮ್ಮ ಪೂಜೆ ಸಾಮಾನು ತಿಕ್ಕುತ್ತಿದ್ದರು. ಕಿಲುಬು ಹಿಡಿದು ಹಸಿರಾಗಿದ್ದ ತಂಬಿಗೆ ಅವರ ಕೈಯಲ್ಲಿ ನೋಡನೋಡುತ್ತಲೇ ಬಂಗಾರವಾಯಿತು.

"ಹಿತ್ತಾಳೆಗೆ ಹುಣಸೆಹಣ್ಣಿನಂಥ ಡಾಕ್ಟರ್ ಇಲ್ಲವ್ವ," ಎಂದರು ಅಜ್ಜಿ.

ಬಿಂದುವಿನ ತಲೆಯಲ್ಲಿ ಬಲ್ಬು ಹೊತ್ತಿಕೊಂಡಿತು. ಒಂದು ಚೂರು ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಕೋಣೆಗೆ ಓಡಿದಳು. ತಿಕ್ಕಿದಳು. ಕಿಲುಬು ಬಿಟ್ಟಿತು. ಒಂದೆರಡು ಪಿನ್ನು ಅಲ್ಲಾಡಿದಂತಾಯಿತು, ಆದರೆ ಅಜ್ಜಿ ತಿಕ್ಕುವಾಗ ತಂಬಿಗೆಯೂ ಅಲ್ಲಾಡುತ್ತಿತ್ತಲ್ಲ? ಇನ್ನಷ್ಟು ಒತ್ತಿ ತಿಕ್ಕಿದಳು. ಬೋರ್ಡನ್ನು ನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟಳು. ಪಿನ್ನುಗಳು ಫಳಫಳ ಹೊಳೆದವು. ಅವಳ ಖುಷಿಗೆ ಆ ದಿನ ಊಟವೂ ಸೇರಲಿಲ್ಲ.

ಸಂಜೆ ಚಿಕ್ಕಪ್ಪ ಬರುತ್ತಿದ್ದಂತೆ ಕೈ ಹಿಡಿದು ಎಳೆದಳು. "ಚಿಕ್ಕಪ್ಪಾ, ಕಣ್ಣು ಮುಚ್ಕ! ಹಾಂ, ಈಗ ತೆಗಿ!"

ಚಿಕ್ಕಪ್ಪ ಕಣ್ಣು ತೆರೆದ. ಬೋರ್ಡನ್ನು ಮೂಗಿನ ಹತ್ತಿರ ತಂದು ಮೂಸಿದ. ಸೂಜಿಯಿಂದ ಒಂದು ಪಿನ್ನನ್ನು ಮುಟ್ಟಿದ. ಅದು ಕಳಚಿ ಅಂಗೈ ಮೇಲೆ ಬಿತ್ತು. ಇನ್ನೊಂದನ್ನು ಮುಟ್ಟಿದ. ಅದೂ ಬಿತ್ತು.

"ಒಂದ್ಸಲ ಬಗ್ಗಿ ಎದ್ದಿದ್ದವು ಬಿಂದು," ಎಂದ ಮೆಲ್ಲಗೆ. "ಇನ್ನೊಂದ್ಸಲ ತಡಿಯಲ್ಲ."

ಬೈಯಲಿಲ್ಲ.

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಏನಾತು? ಹತ್ತಿಕೊಂತಾ?"

"ಇಲ್ಲಣ್ಣ. ನನ್ ಕೈ ಜಾರ್ತು. ಪಿನ್ ಮುರುದ್ವು."

"ಗೊತ್ತಿತ್ತು ಬಿಡು. ನಿನ್ ಕೈಗೆ ಬಿದ್ದಿದ್ದು ಯಾವ್ದು ಪೂರ್ತಿ ಆಗೈತಿ?"

"ಅಪ್ಪಾ, ಚಿಕ್ಕಪ್ಪ ಅಲ್ಲ!" ಬಿಂದು ಕೂಗಿಯೇ ಬಿಟ್ಟಳು. "ನಾನು! ನಾನೇ ಹುಣಸೆಹಣ್ಣು ಹಾಕಿ ತಿಕ್ಕಿದ್ದು!"

ಅಪ್ಪ ಗೊಳ್ಳೆಂದು ನಕ್ಕರು. "ಹುಣಸೆಹಣ್ಣಂತೆ! ಏನೋ ಗುರು, ನಿನ್ ಮರ್ಯಾದೆ ಉಳಿಸಾಕೆ ಮಗೂಗೆ ಸುಳ್ಳು ಬೇರೆ ಕಲಿಸಿದೀಯೇನೋ?"

ಚಿಕ್ಕಪ್ಪ ತಲೆ ತಗ್ಗಿಸಿದ. ಸೊರಬದಿಂದ ತಂದ ಪ್ಲಗ್ಗು ಇನ್ನೂ ಅವನ ಕೈಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಗುಜರಿ ಆಟೋ ಬಂತು. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಹಗ್ಗ ಬಿಗಿದರು.

ಕ್ಲಾಸಿನಲ್ಲಿ ನೀಲಾಂಬಿಕ ಕೇಳಿದಳು, "ಆನ್ ಆಯ್ತೇನೇ?" ಬಿಂದು ಇಲ್ಲವೆಂದು ತಲೆಯಾಡಿಸಿದಳು. "ಬರೀ ಬಿಲ್ಡಪ್ ನಿಂದು!" ಎಂದು ನೀಲಾಂಬಿಕ ಬೇರೆ ಬೆಂಚಿಗೆ ಹೋದಳು.

ಸ್ಕೂಲು ಬಿಟ್ಟ ಮೇಲೆ ಬಿಂದು ನೇರ ಚಿಕ್ಕಪ್ಪನ ರಿಪೇರಿ ಅಂಗಡಿಗೆ ಬಂದಳು. ಅವನು ಯಾರದೋ ಮಿಕ್ಸಿ ಬಿಚ್ಚುತ್ತಿದ್ದ. ಮಿಕ್ಸಿಯ ಹೊಟ್ಟೆಯೊಳಗೆ ಕತ್ತಲು. ಮೊದಲೆಲ್ಲ ಇಂಥ ಹೊತ್ತಿಗೆ ಅವನು ತಿರುಗಿಯೂ ನೋಡದೆ ಅವಳತ್ತ ಟಾರ್ಚ್ ಚಾಚುತ್ತಿದ್ದ. ಬಿಂದು ಹತ್ತಿರ ಹೋಗಿ ನಿಂತಳು, ಕೈ ಮುಂದೆ ಮಾಡಿದಳು.

"ಬಂದ್ಯಾ? ಮನೆಗೆ ಹೋಗಿ ಊಟ ಮಾಡು," ಎಂದ ಚಿಕ್ಕಪ್ಪ. ನಕ್ಕ ಕೂಡ. ಆಮೇಲೆ ಟಾರ್ಚನ್ನು ತಾನೇ ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದ.

ಬಿಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೈದಿದ್ದರೆ ಒಮ್ಮೆ ಅತ್ತು ಮುಗಿಸಬಹುದಿತ್ತು ಅನ್ನಿಸಿತು. ಊಟಕ್ಕೆ ಹೋಗಲಿಲ್ಲ.

ಚಿಕ್ಕಪ್ಪನ ಬಾಯಲ್ಲಿ ಟಾರ್ಚಿನ ಬೆಳಕು ಅಲ್ಲಾಡುತ್ತಲೇ ಇತ್ತು. ಬಿಂದು ಅಲ್ಲೇ ಬಾಗಿಲ ಹತ್ತಿರ ಉಸಿರು ಬಿಗಿಹಿಡಿದು ನಿಂತಳು.