ಹದಿನಾಲ್ಕು ಸರಿ, ಒಂದು ತಪ್ಪು

2025ರ ನವೆಂಬರ್ 4, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಬೀದರ ನಗರದ ಠಾಣೆಯಲ್ಲಿ ಪಿಎಸ್‌ಐ ಸಂಘಪಾಲ ಒಂದು ದೂರು ಓದಿ, ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಓದಿದ. ಹನ್ನೆರಡು ವರ್ಷದ ನೌಕರಿಯಲ್ಲಿ ಹೊಡೆದರು, ಬೈದರು, ಕದ್ದರು, ಬದು ಒತ್ತಿದರು ಎಂಬ ದೂರುಗಳು ಸಾಕಷ್ಟು ಬಂದಿದ್ದವು. ನನ್ನನ್ನು ಪರೀಕ್ಷೆಯಲ್ಲಿ ಪಾಸು ಮಾಡಿದ್ದಾರೆ ಎಂದು ಯಾರೂ ಬಂದಿರಲಿಲ್ಲ.

"ಅಂದ್ರ ನೀವು ಲರ್ನಿಂಗ್ ಲೈಸನ್ಸ್ ಪರೀಕ್ಷಾದಾಗ ಪಾಸ್ ಆಗೀರಿ."

"ಆಗಿಲ್ರಿ ಸಾಹೇಬ. ಮಾಡ್ಯಾರ."

ಎದುರಿಗೆ ಕೂತಿದ್ದವನು ಕಾಶೀರಾಮ, ವಯಸ್ಸು 47, ಕಮಠಾಣದವನು. ಗಾಂಧಿ ಗಂಜ್ ಧಾನ್ಯಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಟೆಂಪೋ ಓಡಿಸುತ್ತಾನೆ, ಲೈಸನ್ಸ್ ಇಲ್ಲದೆ. ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಕೌಸಲ್ಯಾಬಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಊರ ಮಂದಿ ಫೇಲ್ ಆದ್ರ ಅಳ್ತಾರ. ನಮ್ಮವ್ರು ಪಾಸ್ ಆದ್ರ ಠಾಣಾಕ್ಕ ಬರ್ತಾರ. ನೀವs ತಿಳಿಸಿ ಹೇಳ್ರಿ ಸಾಹೇಬ್ರ."

ಕಾಶೀರಾಮ ಅವಳ ಕಡೆ ನೋಡಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಅಂಗಡಿಯ ಸೇಠ ನವೆಂಬರ್ 30ರೊಳಗೆ ಲರ್ನಿಂಗ್ ಆದರೂ ತಾ, ಇಲ್ಲವೆಂದರೆ ಕೀಲಿ ಇಟ್ಟು ಹೋಗು ಎಂದಿದ್ದ. ಕಾಶೀರಾಮ ಕಲಿತದ್ದು ಎರಡನೇ ಇಯತ್ತೆ. ಭಾಲ್ಕಿಯಲ್ಲಿ ಅಬ್ದುಲ ಸಮದನ ಡ್ರೈವಿಂಗ್ ಸ್ಕೂಲಿಗೆ ಹೋದರೆ ಓದು ಬಾರದವರಿಗೂ ಆಗುತ್ತದೆ ಎಂದು ಹಮಾಲರು ಹೇಳಿದ್ದರು. ಸೆಪ್ಟೆಂಬರ್ 16ರಂದು ಅಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ, ಮೊಬೈಲಿಗೆ ಬಂದ ನಂಬರ್ ಕೇಳಿ, ಫೋಟೋ ತೆಗೆಯುತ್ತೇವೆ, ಅಲುಗಾಡಬೇಡ ಎಂದರು. ಹತ್ತು ನಿಮಿಷ ಅಲುಗಾಡದೆ ಕೂತ. ಪರೀಕ್ಷೆ ಇನ್ನೂ ಮುಂದಿದೆ ಎಂದುಕೊಂಡು ಒಂದೂವರೆ ತಿಂಗಳು ಮಗಳ ಹತ್ತಿರ ಅಕ್ಷರ ತಿದ್ದಿ, ಪ್ರಶ್ನೆಗಳ ಪುಸ್ತಕವನ್ನು ಬೆರಳಿಟ್ಟು ಓದಿ ಮುಗಿಸಿದ. ನಿನ್ನೆ ಸಾರಿಗೆ ಕಚೇರಿಗೆ ಹೋಗಿ ಪರೀಕ್ಷೆ ಯಾವಾಗ ಎಂದು ಕೇಳಿದರೆ ಕಾರಕೂನ ನಕ್ಕ. ಪರೀಕ್ಷೆ ಸೆಪ್ಟೆಂಬರ್ 16ಕ್ಕೇ ಮುಗಿದಿದೆ, ಮನೆಯಿಂದಲೇ ಕೊಟ್ಟಿದ್ದೀರಿ, ಹದಿನೈದಕ್ಕೆ ಹದಿನಾಲ್ಕು.

"ಇದು ಎಫ್‌ಐಆರ್ ಆದ್ರ ಇದ್ದ ಲೈಸನ್ಸ್ ರದ್ದಾಗ್ತದ," ಎಂದ ಸಂಘಪಾಲ. "ಮತ್ತ ಪರೀಕ್ಷಾ ಯಾವಾಗ ಇಡ್ತಾರ ನನ್ನ ಕೈಯಾಗಿಲ್ಲ. ಮೂವತ್ತನೇ ತಾರೀಖು ದಾಟಿದ್ರ ಟೆಂಪೋ ಹೋಯ್ತು. ವಿಚಾರ ಮಾಡ್ರಿ."

ಕೌಸಲ್ಯಾಬಾಯಿ ಗಂಡನ ಭುಜ ಮುಟ್ಟಿದಳು. ಆತ ದೂರಿನ ಕಾಗದವನ್ನು ಸಂಘಪಾಲನ ಕಡೆ ಸರಿಸಿದ.

"ನನ್ನ ಹೆಸರಿಲೆ ಪಾಸ್ ಅಂದ್ರ ನಾನs ಪಾಸ್ ಆಗಬೇಕಲ್ರಿ. ಬರೀರಿ."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಸೋಗು ಹಾಕಿ ವಂಚನೆ, ಭಾರತೀಯ ನ್ಯಾಯ ಸಂಹಿತೆ ಕಲಂ 319(2), ಜೊತೆಗೆ ಐಟಿ ಕಾಯ್ದೆ 66ಡಿ. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು. ಕಾಶೀರಾಮ ಪ್ರತಿಯ ಕೆಳಗೆ ಸಹಿ ಮಾಡಿದ. ನಾಲ್ಕು ಅಕ್ಷರಕ್ಕೆ ಒಂದು ನಿಮಿಷ ಹಿಡಿಯಿತು. ಹೆಬ್ಬೆಟ್ಟಿನ ಪ್ಯಾಡ್ ಮುಂದೆ ಸರಿಸಿದ್ದ ಹೆಡ್ ಕಾನ್‌ಸ್ಟೆಬಲ್ ಗೌಸೋದ್ದೀನ ಅದನ್ನು ಹಿಂದಕ್ಕೆ ಎಳೆದುಕೊಂಡ.

ನವೆಂಬರ್ 5, ಮಧ್ಯಾಹ್ನ 3.10. ಕೇಳಿದ್ದ ಮಾಹಿತಿಯನ್ನು ಗೌಸೋದ್ದೀನ ಸಾರಿಗೆ ಕಚೇರಿಯಿಂದ ತಂದ. ಸಮದನ ಸ್ಕೂಲಿನ ಕಂಪ್ಯೂಟರಿನಿಂದ ಮೂರು ತಿಂಗಳಲ್ಲಿ ಪರೀಕ್ಷೆ ಬರೆದವರು ಮೂವತ್ತೊಂದು ಮಂದಿ. ಒಬ್ಬರೂ ಫೇಲಿಲ್ಲ.

ಸಂಘಪಾಲ ಪೆನ್ಸಿಲ್ ಹಿಡಿದು ಕೂತ. ಹದಿನೇಳು ಮಂದಿಗೆ ಹದಿನೈದಕ್ಕೆ ಹದಿನೈದು. ಉಳಿದ ಹದಿನಾಲ್ಕು ಮಂದಿಗೆ ಹದಿನಾಲ್ಕು. ಕಂಪ್ಯೂಟರ್ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಡುತ್ತದೆ, ಆದರೂ ತಪ್ಪಾದ ಪ್ರಶ್ನೆ ಎಲ್ಲರಿಗೂ ಒಂದೇ. ಯಾರಿಗೆ ಆ ಪ್ರಶ್ನೆ ಬಂದಿತ್ತೋ ಅವರೆಲ್ಲರೂ ಅದನ್ನು ತಪ್ಪಿಸಿದ್ದರು. ಬಂದಿರದವರು ಯಾವುದನ್ನೂ ತಪ್ಪಿಸಿರಲಿಲ್ಲ.

"ಓದಿ ಹೇಳ್ರಿ ಸಾಹೇಬ್ರ, ಏನದು?"

"ರಸ್ತೆಯ ಮೇಲೆ ಕುರಿಗಳ ಹಿಂಡು ದಾಟುತ್ತಿರುವಾಗ ಚಾಲಕನು. ಅ, ಹಾರ್ನ್ ಮಾಡಿ ಬೇಗ ದಾಟಬೇಕು. ಆ, ವೇಗ ತಗ್ಗಿಸಿ ಎಚ್ಚರಿಕೆಯಿಂದ ಮುಂದೆ ಸಾಗಬೇಕು. ಇ, ವಾಹನ ನಿಲ್ಲಿಸಿ ಇಂಜಿನ್ ಆರಿಸಬೇಕು. ಸರಿ ಉತ್ತರ ಆ. ಹದಿನಾಲ್ಕೂ ಮಂದಿ ಇ ಒತ್ಯಾರ."

"ಇಂಜಿನ್ ಬಂದ್ ಯಾಕ ಮಾಡಬೇಕು? ನಮಾಜಿಗಿ ನಿಂತಾವೇನು ಕುರಿ?" ಎಂದ ಗೌಸೋದ್ದೀನ.

"ನೀ ಲೈಸನ್ಸ್ ಪರೀಕ್ಷಾದಾಗ ಏನ ಬರದಿದ್ದಿ?"

"ನಾ ಎಲ್ಲಿ ಬರದೀನ್ರಿ. ಚಾಚಾ ಮಾಡಿಸಿ ಕೊಟ್ಟಿದ್ರು."

ಸಂಘಪಾಲ ನಗಲಿಲ್ಲ. ಅವನ ಲೈಸನ್ಸನ್ನೂ ಸೋದರಮಾವನೇ ಮಾಡಿಸಿ ತಂದಿದ್ದ.

ನವೆಂಬರ್ 6, ಮಧ್ಯಾಹ್ನ 12.15, ಭಾಲ್ಕಿ. ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯೇ ಸ್ಕೂಲು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಒಂದು ಕಂಪ್ಯೂಟರ್, ಒಂದು ಕ್ಯಾಮೆರಾ, ಒಂದು ಕೀಬೋರ್ಡ್, ಎರಡು ಮೌಸ್. ಎರಡನೆಯ ಮೌಸಿನ ತಂತಿ ಮೇಜಿನ ಹಿಂದಿನಿಂದ ಹಾದು, ಪ್ಲೈವುಡ್ ಪರದೆಯ ಆ ಕಡೆಯ ಸ್ಟೂಲಿನ ತನಕ ಹೋಗಿತ್ತು. ಸ್ಟೂಲಿನ ಮೇಲೆ ಕೂತರೆ ಕಂಪ್ಯೂಟರಿನ ತೆರೆ ಓರೆಯಾಗಿ ಕಾಣುತ್ತದೆ, ಕ್ಯಾಮೆರಾಕ್ಕೆ ಕೂತವನು ಕಾಣುವುದಿಲ್ಲ. ಮುಖ ಕಾಶೀರಾಮನದು, ಕೈ ಇನ್ನೊಬ್ಬನದು. ಗೌಸೋದ್ದೀನ ತಂತಿಯ ಉದ್ದ ಅಳೆದು ಬರೆದುಕೊಂಡ.

ಮಾಲೀಕ ಅಬ್ದುಲ ಸಮದ ಸಂಘಪಾಲನನ್ನು ಬಾಗಿಲ ಹೊರಗೆ ಕರೆದು ದನಿ ತಗ್ಗಿಸಿದ. "ಸಾಹೇಬ, ಕಂಪ್ಯೂಟರ್ ಪೂರಾ ಆ ರುಖ್ಸಾರಂದು. ಲಾಗಿನ್ ಅಕಿದು, ಪಾಸ್‌ವರ್ಡ್ ಅಕಿದು. ನಂಗ ಬಟನ್ ಸೈತ ಒತ್ತಲಿಕ್ಕ ಬರಂಗಿಲ್ಲ. ಅಕಿನ್ನ ಕರ್ಕೊಂಡು ಹೋಗ್ರಿ, ಬಾತ್ ಖತಂ."

ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು. ರುಖ್ಸಾರ, 24 ವರ್ಷ, ಕಂಪ್ಯೂಟರ್ ಆಪರೇಟರ್. ಮೂವತ್ತೊಂದು ಅರ್ಜಿಗಳೂ ಅವಳ ಲಾಗಿನ್ನಿನಿಂದಲೇ ಹೋಗಿದ್ದವು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು, ಕಣ್ಣು ಒಣಗಿದ್ದವು. ಇವಳ ಹೆಸರು ಬರೆದರೆ ಇವತ್ತೇ ಪ್ರಕರಣ ಮುಗಿಯುತ್ತದೆ ಎಂದು ಸಂಘಪಾಲನಿಗೆ ಅನಿಸಿದ್ದು ಸುಳ್ಳಲ್ಲ. ಅವನಿಗೆ ಬೆನ್ನು ನೋಯುತ್ತಿತ್ತು. ಮೇಲಧಿಕಾರಿಗಳ ಫೋನು ಬೆಳಿಗ್ಗೆಯಿಂದ ಎರಡು ಸಲ ಬಂದಿತ್ತು. ಆದರೂ ಕುರ್ಚಿ ಎಳೆದುಕೊಂಡು ಕೂತ.

"ಒಂದು ಪ್ರಶ್ನಿ ಕೇಳ್ತೀನಿ. ರಸ್ತಾದಾಗ ಕುರಿ ಬಂದ್ವು. ಏನ ಮಾಡ್ತಿ?"

"ವೇಗ ತಗ್ಗಿಸಿ ಎಚ್ಚರಿಕೆಯಿಂದ ಮುಂದೆ ಸಾಗಬೇಕು," ಎಂದಳು ರುಖ್ಸಾರ, ಉಸಿರು ತೆಗೆದುಕೊಳ್ಳದೆ. "ಪುಸ್ತಕದಾಗ ಹಂಗs ಅದರಿ. ನಂಗ ಎಲ್ಲಾ ಬಾಯಿಪಾಠ."

"ಸಮದ್ ಮಾಸ್ತರ್, ನೀವು?"

"ಹಾರ್ನ್ ಹೊಡೀಬೇಕು, ಮತ್ತೇನು."

ಸಂಘಪಾಲ ಹೊರಗಿನ ರಸ್ತೆ ನೋಡಿದ. ಇಬ್ಬರಲ್ಲಿ ಯಾರೇ ಆ ಸ್ಟೂಲಿನ ಮೇಲೆ ಕೂತಿದ್ದರೂ ಇ ಒತ್ತುತ್ತಿರಲಿಲ್ಲ.

"ನಿಲ್ಲಿಸಿ ಇಂಜಿನ್ ಬಂದ್ ಮಾಡು ಅಂತ ಯಾರು ಹೇಳ್ತಾರ?"

"ಕುರಿ ಇದ್ದವ್ರು," ಎಂದ ಗೌಸೋದ್ದೀನ, ಪಂಚನಾಮೆಯಿಂದ ತಲೆ ಎತ್ತದೆ.

ರುಖ್ಸಾರ ಮೊದಲ ಸಲ ನೆಲ ನೋಡಿದಳು.

"ಇಲ್ಲಿ ಯಾರ ಮನ್ಯಾಗ ಕುರಿ ಅವ?"

"ಕಾರು ಕಲಿಸೋ ಅಶೋಕನ ಮನ್ಯಾಗರಿ," ಎಂದಳು ಅವಳು. "ಸಂತಪುರದವ. ಠಾಣಾದಾಗ ಕೇಸ್ ಆತು ಅಂತ ಕೇಳಿ ನಿನ್ನಿ ಊರಿಗಿ ಹೋದ. ನಾ ಅರ್ಜಿ ತುಂಬಿ ನಂಬರ್ ಹಾಕಿ ಹೊರಗ ಹೋಗ್ತಿದ್ದೆ. ಒಳಗ ಅವ ಇರ್ತಿದ್ದ. ಒಂದ್ ರೂಪಾಯಿ ಹೆಚ್ಚಿಗಿ ತಗೊಂಡಿಲ್ರಿ ಅವ, ಖರೇ ಹೇಳ್ತೀನಿ."

ನವೆಂಬರ್ 7, ಬೆಳಿಗ್ಗೆ 9.50. ಔರಾದ ರಸ್ತೆಯಲ್ಲಿ ಸಂತಪುರದ ಕಡೆ ಹೊರಟಿದ್ದರು. ಊರು ಒಂದು ಕಿಲೋಮೀಟರ್ ಇರುವಾಗ ಎಡಗಡೆಯ ತೊಗರಿ ಹೊಲದ ಅಂಚಿನಿಂದ ಕುರಿ ಹಿಂಡೊಂದು ರಸ್ತೆಗೆ ಇಳಿಯಿತು. ಅರ್ಧದಷ್ಟು ಕುರಿ ಬಲಗಡೆಗೆ ದಾಟಿ ಹೋದವು. ಆಮೇಲೆ ನಡುವೆ ಜೀಪು ಹಿಡಿಸುವಷ್ಟು ಜಾಗ ಬಿತ್ತು. ಗೌಸೋದ್ದೀನ ವೇಗ ತಗ್ಗಿಸಿ, ಒಂದು ಸಣ್ಣ ಹಾರ್ನ್ ಕೊಟ್ಟು, ಎಚ್ಚರಿಕೆಯಿಂದಲೇ ಆ ಜಾಗಕ್ಕೆ ಜೀಪು ನುಗ್ಗಿಸಿದ.

ಎಡಗಡೆ ಉಳಿದಿದ್ದ ಕುರಿಗಳು ನಿಲ್ಲಲಿಲ್ಲ. ಮುಂದಿನವು ಕಣ್ಣಿಗೆ ಮರೆಯಾದದ್ದೇ ತಡ, ಅಷ್ಟೂ ಒಮ್ಮೆಲೆ ಜೀಪಿನ ಕಡೆಗೇ ಓಡಿಬಂದವು. ಬಾನೆಟ್ಟಿಗೆ ಬಡಿದವು, ಬಂಪರಿನ ಕೆಳಗೆ ತಲೆ ತೂರಿದವು. ಗೌಸೋದ್ದೀನ ಬ್ರೇಕ್ ಒತ್ತಿ ಅಲ್ಲಾನ ಹೆಸರು ಹೇಳಿದ.

"ಇಂಜಿನ್ ಬಂದ್ ಮಾಡ್ರಿ! ಬಂದ್ ಮಾಡ್ರಿ ಮೊದಲ!"

ಕೋಲು ಹಿಡಿದ ಹುಡುಗನೊಬ್ಬ ಓಡಿಬಂದ. ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಇಂಜಿನ್ ನಿಂತಿತು. ಸದ್ದು ಅಡಗಿದ ಮೇಲೆ ಕುರಿಗಳು ಜೀಪನ್ನು ಒಂದು ಕಲ್ಲಿನಂತೆ ಸುತ್ತಿಕೊಂಡು ದಾಟಿದವು. ಹುಡುಗ ಚಕ್ರದ ಹತ್ತಿರ ಮಂಡಿಯೂರಿ, ಸಿಕ್ಕಿಕೊಂಡಿದ್ದ ಮರಿಯೊಂದನ್ನು ಎಳೆದು ಕಾಲು ಮುಟ್ಟಿ ನೋಡಿದ. ಮುರಿದಿರಲಿಲ್ಲ. ಅದನ್ನು ಬಿಟ್ಟು ಎದ್ದ ಮೇಲೆ ಅವನಿಗೆ ಜೀಪಿನ ಬಣ್ಣ ಕಂಡಿತು.

"ಅಶೋಕಕುಮಾರ?" ಎಂದ ಸಂಘಪಾಲ.

"ಹೌದ್ರಿ."

ಮನೆಯ ಕಟ್ಟೆಯ ಮೇಲೆ ವಿಚಾರಣೆ ನಡೆಯಿತು. ಅವನ ತಾಯಿ ಗಂಗುಬಾಯಿ ಚಹಾ ತಂದಳು. ಅವಳ ಬಲಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಕಪ್ಪು ಇಡಲು ಅವಳು ಬಾಗಲಾರಳೆಂದು ಗೌಸೋದ್ದೀನನೇ ಎದ್ದು ತೆಗೆದುಕೊಂಡ.

"ಎರಡನೇ ಮೌಸ್ ನಿಂದು?"

"ನಂದs ರಿ."

"ರೊಕ್ಕ ಎಷ್ಟು?"

"ಇಲ್ರಿ."

"ಮತ್ತ ಯಾಕ?"

"ಇಪ್ಪತ್ತು ವರ್ಷ ಗಾಡಿ ಹೊಡದವ್ರು ಬರ್ತಿದ್ರು. ಓದಲಿಕ್ಕ ಬರಂಗಿಲ್ಲ. ಕುರಿ ಬಂದ್ರ ಅವ್ರು ನಿಲ್ತಾರ್ರಿ. ಓದಲಿಕ್ಕ ಬರಾವ್ರು ನಿಲ್ಲಂಗಿಲ್ಲ."

"ಅದಕ್ಕ ಅವ್ರ ಹೆಸರಿಲೆ ನೀ ತಪ್ಪ ಉತ್ತರ ಒತ್ತಿದಿ?"

ಅಶೋಕಕುಮಾರ ಮೊದಲ ಬಾರಿ ಮುಖ ಎತ್ತಿದ. "ತಪ್ಪ ಒತ್ತಿಲ್ರಿ ನಾ."

ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. ಮೂರು ವರ್ಷದ ಹಿಂದಿನ ಪ್ರಕರಣದ ನಕಲು. ಇದೇ ರಸ್ತೆ. ಒಂದು ಕಾರು ಹಿಂಡಿನ ನಡುವಿನ ಜಾಗಕ್ಕೆ ನುಗ್ಗಿತ್ತು. ಹನ್ನೊಂದು ಕುರಿ ಸತ್ತವು, ಹಿಂಡನ್ನು ತಡೆಯಲು ಓಡಿದ ಗಂಗುಬಾಯಿಯ ಮಂಡಿ ಮುರಿಯಿತು. ಚಾಲಕನಿಗೆ ಲೈಸನ್ಸ್ ಇತ್ತು. ಅವನ ಹೇಳಿಕೆಯ ಒಂದು ಸಾಲಿನ ಕೆಳಗೆ ಕೆಂಪು ಗೆರೆ: 'ನಾನು ವೇಗ ತಗ್ಗಿಸಿ ಎಚ್ಚರಿಕೆಯಿಂದ ಮುಂದೆ ಸಾಗುತ್ತಿದ್ದೆನು.' ಚಾಲಕ ಖುಲಾಸೆಯಾಗಿದ್ದ.

"ಆಮ್ಯಾಲ ಸಮದ್ ಮಾಸ್ತರ್ ಕಡಿ ಕೆಲಸಕ್ಕ ಹೋದೆ. ಪುಸ್ತಕ ತೆರದ್ರ ಅದs ಸಾಲು, ಸರಿ ಉತ್ತರ ಅಂತ. ಒಂದು ನೂರು ಮಂದಿ ಒಂದs ಪ್ರಶ್ನಿ ತಪ್ಪಿಸಿದ್ರ ಮ್ಯಾಲಿನವ್ರು ಯಾಕ ಅಂತ ನೋಡ್ತಾರ, ಬದಲ ಮಾಡ್ತಾರ ಅಂದ್ಕೊಂಡಿದ್ದೆರಿ."

"ಎಷ್ಟಾಗಿತ್ತು?"

"ಹದಿನಾಲ್ಕು."

ಸಂಘಪಾಲ ನಕಲನ್ನು ಮಡಚಿ ವಾಪಸು ಕೊಟ್ಟ. ಕಂಪ್ಯೂಟರ್ ಯಾರನ್ನೂ ಯಾಕೆ ಎಂದು ಕೇಳುವುದಿಲ್ಲ. ನೋಟಿಸ್ ಕೊಟ್ಟು ಬಿಡಬಹುದಾದ ಕಲಮೇ ಅದು. ಆದರೆ ಮೇಲಿನವರಿಗೆ ಬಂಧನ ಬೇಕಿತ್ತು. 11.25ಕ್ಕೆ ಅಶೋಕಕುಮಾರನನ್ನು ಬಂಧಿಸಿದ್ದಾಗಿ ಬರೆದು, ಮೆಮೋ ಮೇಲೆ ಗಂಗುಬಾಯಿಯ ಹೆಬ್ಬೆಟ್ಟು ತೆಗೆದುಕೊಂಡರು. ಜೀಪು ಹತ್ತುವ ಮುಂಚೆ ಹುಡುಗ ಕೋಲನ್ನು ತಾಯಿಯ ಕೈಗೆ ಕೊಟ್ಟ. ಕುರಿಗಳ ಹಿಂದೆ ಅವಳು ಹೇಗೆ ಓಡುತ್ತಾಳೆ ಎಂದು ಯಾರೂ ಕೇಳಲಿಲ್ಲ.

ಮೂವತ್ತೊಂದೂ ಲೈಸನ್ಸ್ ರದ್ದಾದವು. ದೂರುದಾರನಿಗೆ ಬೇಗ ತಾರೀಖು ಕೊಡಬೇಕೆಂದು ಸಂಘಪಾಲ ಸಾರಿಗೆ ಕಚೇರಿಗೆ ಎರಡು ಪತ್ರ ಬರೆದ. ಎರಡನೆಯದಕ್ಕೆ ಉತ್ತರ ಬಂತು: ನವೆಂಬರ್ 28, ಕಚೇರಿಯಲ್ಲೇ, ಅಧಿಕಾರಿಯ ಎದುರು.

ಆ ದಿನ ಸಂಜೆ 4.30ಕ್ಕೆ ಕಾಶೀರಾಮ ಠಾಣೆಗೆ ಬಂದ. ಕೌಸಲ್ಯಾಬಾಯಿ ಬಾಗಿಲಲ್ಲೇ ನಿಂತಳು. ಅವನು ಮಡಚಿದ ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಹದಿನೈದಕ್ಕೆ ಒಂಬತ್ತು ಬೇಕಿತ್ತು. ಒಂಬತ್ತೇ ಬಂದಿತ್ತು.

"ಟೆಂಪೋ ಉಳೀತು," ಎಂದ ಸಂಘಪಾಲ.

"ಉಳೀತ್ರಿ."

"ಕುರಿ ಪ್ರಶ್ನಿ ಬಂದಿತ್ತೇನು?"

"ಬಂದಿತ್ರಿ. ಹತ್ತು ಬರಬೇಕಿತ್ತು." ಕಾಶೀರಾಮ ಕಾಗದವನ್ನು ಮತ್ತೆ ಮಡಚಿದ. "ಪುಸ್ತಕದಾಗಿಂದು ನಂಗ ಗೊತ್ತಿತ್ತು. ಅದರ ಮ್ಯಾಲ ಕೈ ಹೋಗಲಿಲ್ಲ."

ಅವನು ಹೋದ ಮೇಲೆ ಸಂಘಪಾಲ ದೋಷಾರೋಪಣ ಪಟ್ಟಿ ತೆರೆದ. ಉದ್ದೇಶ ಎಂಬ ಅಂಕಣ ಇನ್ನೂ ಖಾಲಿ ಇತ್ತು. 'ಹಣದ ಲಾಭ' ಎಂದು ಬರೆಯುವುದು ಪದ್ಧತಿ. ಅವನು ಪೆನ್ನಿನ ಮುಚ್ಚಳ ತೆಗೆದು 'ಹಣದ ಲಾಭ ಕಂಡುಬಂದಿಲ್ಲ' ಎಂದು ಬರೆದ. ಮುಂದೆ ಏನೋ ಸೇರಿಸಲು ಹೋಗಿ ಪೂರ್ಣವಿರಾಮ ಇಟ್ಟ. ಹೊರಗೆ ಗೌಸೋದ್ದೀನ ಯಾರಿಗಾಗಿಯೋ ಕಾಯುತ್ತ, ಇಂಜಿನ್ ಆರಿಸಿ ಜೀಪಿನಲ್ಲಿ ಕೂತಿದ್ದ.