ಟೋಕಿಯೋದಿಂದ ಆರೇ ಗಂಟೆ

ರಾಗಿ ಡಬ್ಬಿಯೊಳಗೆ ಮೊಣಕೈವರೆಗೂ ಕೈ ಹಾಕಿದ್ದ ಸೀತಮ್ಮ ಕಿಟಾರನೆ ಕಿರುಚಿದರು. ಕಾಸಿನ ಸರ ಇರಲಿಲ್ಲ!

“ಬ್ಯಾಂಕ್ ಲಾಕರ್ ಇದೆ ಕಣೇ, ರಾಗಿಯಲ್ಲಿ ಹೂಳಬೇಡ ಅಂತ ಬಡ್ಕೊಂಡೆ!” ಗಂಡ ವೆಂಕಟಸುಬ್ಬಯ್ಯನವರ ತಲೆ ಚಿಟ್ಟು ಹಿಡಿಯಿತು. ವಿಮೆ ಕಂಪನಿಯಲ್ಲಿ ಮೂವತ್ತು ವರ್ಷ ಕ್ಲೇಮುಗಳ ಸುಳ್ಳು ಹೆಕ್ಕಿ ನಿವೃತ್ತರಾದವರು. ಆದರೆ ಮನೆಯಲ್ಲಿ ಅವರ ಮಾತು ಯಾರು ಕೇಳಬೇಕು?

ಶನಿವಾರ ಬೆಳಿಗ್ಗೆ ಸರ ಇತ್ತು. ಮಧ್ಯಾಹ್ನ ಇಬ್ಬರೂ ಲಿಂಗರಾಜಪುರಕ್ಕೆ, ನೆಂಟರ ಮನೆಯ ವೈಕುಂಠ ಸಮಾರಾಧನೆಗೆ ಹೋಗಿದ್ದರು. ಬೀಗ ಒಡೆದಿಲ್ಲ. ಬೀಗದ ಕೈ ಇದ್ದದ್ದು ಇನ್ನಿಬ್ಬರ ಹತ್ತಿರ — ಹನ್ನೊಂದು ವರ್ಷದಿಂದ ಮನೆಗೆಲಸಕ್ಕೆ ಬರುವ ಕಲಬುರಗಿ ಕಡೆಯ ಜಟ್ಟೆಮ್ಮ, ಮತ್ತು ಸೀತಮ್ಮನ ಅಣ್ಣನ ಮಗ ವಿಶ್ರುತ್.

“ವಿಶ್ರುತ್ ಟ್ರೇನಿಂಗ್ ಮುಗಿಸಿ ಟೋಕಿಯೋದಿಂದ ಬಂದಿಳಿದದ್ದೇ ನಿನ್ನೆ ಭಾನುವಾರ. ಇವಳೇ ಕಣ್ರೀ! ಹಲಸೂರು ಸ್ಟೇಷನ್‌ಗೆ ಫೋನ್ ಮಾಡಿ,” ಸೀತಮ್ಮ ಪಟ್ಟು ಹಿಡಿದರು.

ಜಟ್ಟೆಮ್ಮ ಗಳಗಳನೆ ಅತ್ತಳು. “ಸಾಹೇಬ್ರ, ಪೊಲೀಸ್ರು ಬಂದ್ರ ಈ ಕಾಲೊನ್ಯಾಗ ನನಗ ಯಾರ್ ಕೆಲಸ ಕೊಡ್ತಾರ್ರಿ?”

“ಸ್ವಲ್ಪ ಸುಮ್ನಿರ್ತೀರಾ ಇಬ್ರೂ?” ವೆಂಕಟಸುಬ್ಬಯ್ಯ ಗದರಿ, ಸೋಫಾದಲ್ಲಿ ಮೊಬೈಲ್ ಉಜ್ಜುತ್ತಿದ್ದ ವಿಶ್ರುತ್‌ನತ್ತ ತಿರುಗಿದರು. “ಪ್ರಯಾಣ ಹೇಗಿತ್ತಪ್ಪಾ?”

“ಡೈರೆಕ್ಟ್ ಫ್ಲೈಟು ಮಾವ. ನೋಡಿ ಟಿಕೆಟ್ — ಹನ್ನೊಂದೂ ನಲವತ್ತಕ್ಕೆ ಬಿಟ್ಟು ಸಂಜೆ ಐದೂ ನಲವತ್ತಕ್ಕೆ ಇಲ್ಲಿ. ಆರೇ ಗಂಟೆ! ಒಂದು ಊಟ, ಒಂದು ಕಾಫಿ, ಬೆಂಗಳೂರು ಬಂದೇಬಿಡ್ತು.”

“ಆರೇ ಗಂಟೆ? ಗ್ಯಾರಂಟಿನಾ?”

“ನಾನೇ ಕೂತಿದ್ದೆನಲ್ಲ ಮಾವ!”

ವೆಂಕಟಸುಬ್ಬಯ್ಯ ಹಣೆ ಚಚ್ಚಿಕೊಂಡರು. “ಲೋ, ಸುಳ್ಳು ಹೇಳೋಕಾದ್ರೂ ತಲೆ ಓಡಿಸಬಾರದೇನೋ! ಟೋಕಿಯೋದಿಂದ ಇಲ್ಲಿಗೆ ಹೆಚ್ಚುಕಮ್ಮಿ ಆರು ಸಾವಿರದ ಏಳುನೂರು ಕಿಲೋಮೀಟರ್. ಆರರಿಂದ ಭಾಗಿಸು. ಗಂಟೆಗೆ ಸಾವಿರದ ನೂರು ದಾಟುತ್ತೆ. ಅಷ್ಟು ಜೋರಾಗಿ ಹಾರೋ ಪ್ರಯಾಣಿಕರ ವಿಮಾನ ಎಲ್ಲಿದೆಯೋ?”

“ಟಿಕೆಟ್‌ನಲ್ಲೇ ಇದೆಯಲ್ಲ…”

“ಟಿಕೆಟ್‌ನಲ್ಲಿರೋದು ಆಯಾ ಊರಿನ ಟೈಮು! ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಆ ಸೀಟಲ್ಲಿ ಕೂತವನಿಗೆ ಒಂಬತ್ತೂವರೆ ಗಂಟೆ ಬೆನ್ನು ನೋಯುತ್ತೆ. ಕಾಗದದ ಮೇಲಿನ ಟೈಮು ನೋಡಿ ಲೆಕ್ಕ ಹಾಕಿದವನಿಗೆ ಮಾತ್ರ ಆರು ಸಿಗೋದು. ನೀನು ವಿಮಾನ ಹತ್ತೇ ಇಲ್ಲ! ಹತ್ತಿದ್ರೆ ಪಾಸ್‌ಪೋರ್ಟ್ ಕೊಡು, ಮುದ್ರೆ ನೋಡ್ತೀನಿ.”

ವಿಶ್ರುತ್ ಮೊಬೈಲ್ ಕೆಳಗಿಟ್ಟ. “ಟಿಕೆಟ್ ಬುಕ್ ಆದಮೇಲೆ ಟ್ರೇನಿಂಗ್ ಕ್ಯಾನ್ಸಲ್ ಆಯ್ತು ಮಾವ… ಕೆಲಸಾನೂ ಹೋಯ್ತು. ಗರುಡಾಚಾರ್‌ಪಾಳ್ಯದ ಪಿಜಿಯಲ್ಲೇ ಇದ್ದೆ. ರಾಗಿ ಡಬ್ಬಿ ವಿಷಯ ಚಿಕ್ಕಂದಿನಿಂದ ಗೊತ್ತಿತ್ತು.”

ಅವನ ಬ್ಯಾಗಿನ ತಳದಿಂದ, ಕಾಲುಚೀಲದೊಳಗಿಂದ ಸರ ಹೊರಬಂತು. ಕಾಸುಗಳ ಸಂದಿನಲ್ಲಿ ಇನ್ನೂ ನಾಲ್ಕು ರಾಗಿ ಕಾಳು ಸಿಕ್ಕಿಕೊಂಡಿದ್ದವು.

ಸೀತಮ್ಮ ತಲೆ ತಗ್ಗಿಸಿದರು. “ಬೇಜಾರ್ ಮಾಡ್ಕೋಬೇಡ ಜಟ್ಟೆಮ್ಮ. ನಾಳೆ ಬಾ.”

ಜಟ್ಟೆಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. “ನಿಮ್ಮ ಹುಡುಗ ಆರು ತಾಸು ಅಂದಿದ್ದನ್ನ ಸಾಹೇಬ್ರು ಕೂಡಿ ಕಳೆದು ನೋಡಿದ್ರು. ನನ್ನ ಕಳ್ಳಿ ಅನ್ಲಾಕ ನಿಮಗ ಎಷ್ಟು ಹೊತ್ತು ಹಿಡೀತ್ರಿ, ಅಮ್ಮಾರೆ?”

ಅವಳು ಚಪ್ಪಲಿ ಮೆಟ್ಟಿ ಗೇಟು ದಾಟಿದಳು.

“ಕೂಗ್ರೀ ಅವಳನ್ನ,” ಎಂದರು ಸೀತಮ್ಮ.

“ನೀನೇ ಕೂಗು,” ಎಂದರು ವೆಂಕಟಸುಬ್ಬಯ್ಯ.