ಕೊನೆಯ ಬೆಂಚಿಗೂ ಕೇಳುವ ಹಾಗೆ

"ನಿಲ್ಸಿ...! ಮೊದಲು ಅದನ್ನ ನಿಲ್ಸಿ!"

ನೆರೈದಾ ಗಂಟಲು ಹರಿಯುವಂತೆ ಕೂಗಿದಳು. ಕೇಳಿಸಿದ್ದು ಅವಳೊಬ್ಬಳಿಗೇ. ಬೋಕಾ ಮಾಂಗ್ಲೆಯ ಹೊಸ ಸಮುದಾಯ ಭವನದ ತಗಡಿನ ಮಾಡು ಗಡಗಡ ನಡುಗುತ್ತಿತ್ತು. ಸ್ಪೀಕರುಗಳಿಂದ ಕೀಂ... ಎಂದು ಹೊರಟ ಚೀರಾಟಕ್ಕೆ ಬೀದಿನಾಯಿಗಳು ಬಾಲ ಮುದುರಿ ಓಡಿದವು.

ಡೋಲುಗಳ ನಡುವೆ ನಿಂತಿದ್ದ ಅವಳ ಅಜ್ಜಿ ಎತೆಲ್ವಿನಾ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಎಪ್ಪತ್ತೊಂಬತ್ತರ ಮುದುಕಿ. ನಮ್ಮ ಕರಾವಳಿಯ ಬುಯೆರೆಂಗೆ ಹಾಡುಗಳಲ್ಲಿ ಅರ್ಧಕ್ಕರ್ಧ ಈಗ ಉಳಿದಿರುವುದು ಅವಳ ನಾಲಿಗೆಯ ಮೇಲೆ ಮಾತ್ರ.

ಚೀರಾಟ ನಿಂತಿತು. ಅಜ್ಜಿ ಲಂಗದ ಅಂಚನ್ನು ಕೊಡವಿ ಬಾಗಿಲ ಕಡೆ ನಡೆದಳು.

"ಎಲ್ಲಿಗೆ ಅಜ್ಜಿ?"

"ಮನೆಗೆ. ಕೋಳಿಗಳ ಮುಂದೆ ಹಾಡ್ಕೋತೀನಿ. ಅವಕ್ಕಾದ್ರೂ ಕೇಳಿಸುತ್ತೆ. ಬರೋ ಭಾನುವಾರ ಉದ್ಘಾಟನೆಗೆ ಇನ್ನೊಂದ್ಸಲ ಬರ್ತೀನಿ. ಆಗ್ಲೂ ಹಿಂಗೇ ಆದ್ರೆ, ಈ ಬಾಯಿ ಊರಿನ ಮುಂದೆ ತೆರೆಯಲ್ಲ."

ಅಜ್ಜಿ ಆಡಿದ ಮಾತನ್ನು ಯಾವತ್ತೂ ಹಿಂದಕ್ಕೆ ತೆಗೆದುಕೊಂಡವಳಲ್ಲ!

ಅಷ್ಟರಲ್ಲಿ ಸ್ಪೀಕರ್ ಪೆಟ್ಟಿಗೆಗಳ ಹಿಂದಿನಿಂದ ಒಬ್ಬ ಎದ್ದು ನಿಂತ. ಎತ್ತರದ ಆಳು, ಕೆನ್ನೆಯ ಮೇಲೆ ಗ್ರೀಸು. ಅವನೇ ದಾಗೊಬೆರ್ತೊ, ಊರಿನವರಿಗೆ ದಾಗೊ. ಅವನ ಪಿಕೊ, ಅಂದರೆ ಆಳೆತ್ತರದ ನಾಲ್ಕು ಪೆಟ್ಟಿಗೆಗಳ ಆ ಸೌಂಡು, ಸುತ್ತ ಏಳೂರಿಗೆ ಹೆಸರುವಾಸಿ. ಮುಂಭಾಗದ ತುಂಬ ಬಾಯಿ ತೆರೆದ ಹಸಿರು ಮೊಸಳೆಯ ಚಿತ್ರ. ಆದ್ದರಿಂದ ಅದರ ಹೆಸರೂ ಮೊಸಳೆಯೇ.

ಅವನ ಕಣ್ಣು, ಅವಳ ಕಣ್ಣು ಸೇರಿದವು. ಒಂದು ಗಳಿಗೆ ನೆರೈದಾಳಿಗೆ ಏನು ಬೈಯಬೇಕೆಂದಿದ್ದೆ ಎನ್ನುವುದೇ ಮರೆತುಹೋಯಿತು. ಆಮೇಲೆ ನೆನಪಾಯಿತು, ಚೆನ್ನಾಗಿಯೇ ನೆನಪಾಯಿತು.

"ರೀ, ನಿಮಗೆ ಕಿವಿ ಇದೆಯಾ ಇಲ್ವಾ?"

"ಇದೆ ಟೀಚರ್. ಅದಕ್ಕೇ ಹೇಳ್ತೀನಿ, ನಿಮ್ಮಜ್ಜಿ ದನಿ ಸಣ್ಣದು. ನನ್ನ ಮೊಸಳೆಯದೇನೂ ತಪ್ಪಿಲ್ಲ."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ!"

"ನೋಡಿ, ಭವನ ಕಟ್ಟಿ ಮುಗಿಸೋ ಹೊತ್ತಿಗೆ ಸಮಿತಿ ಕೈಲಿ ಉಳಿದಿದ್ದ ದುಡ್ಡು ಒಂದು ಆಂಪ್ಲಿಫೈಯರ್, ಎರಡು ಮೈಕಿಗಷ್ಟೇ. ಅಗ್ಗದಲ್ಲಿ ಸೌಂಡ್ ಮಾಡ್ಕೊಡು ಅಂದ್ರು. ನನ್ನ ಮೊಸಳೇನೇ ಪುಕ್ಕಟೆ ತಂದು ನಿಲ್ಲಿಸಿದೀನಿ. ಇನ್ನೇನ್ ಬೇಕು?"

"ಪದ ಕೇಳಿಸ್ಬೇಕು. ಕೊನೇ ಬೆಂಚಿನಲ್ಲಿ ಕೂತೋರಿಗೂ ಒಂದೊಂದು ಪದ ಕೇಳಿಸ್ಬೇಕು. ಅಷ್ಟೇ!"

ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಶಾಲೆಯಲ್ಲಿ ಅವಳು ಪಾಠ ಹೇಳುವ ಮಕ್ಕಳಿಗೆ ಬುಯೆರೆಂಗೆಯ ಡೋಲಿನ ಪೆಟ್ಟು ಗೊತ್ತು, ಪದ ಒಂದೂ ಗೊತ್ತಿಲ್ಲ. ಕೇಳಿಸಿದ್ದರೆ ತಾನೇ ಕಲಿಯುವುದು? ಅಜ್ಜಿಯ ಉಸಿರಾದರೋ ತಿಂಗಳಿಂದ ತಿಂಗಳಿಗೆ ಗಿಡ್ಡವಾಗುತ್ತಿತ್ತು.

ಅಳು ಅವನಿಗೆ ಕಾಣಬಾರದೆಂದು ಅವಳು ಬಿರಬಿರನೆ ಹೊರಟುಹೋದಳು. ಕಂಡೇಬಿಟ್ಟಿತ್ತು.

ಮರುದಿನ ಮಧ್ಯಾಹ್ನ ಶಾಲೆ ಬಿಡುವಾಗ ದಾಗೊ ಗೇಟಿನ ಬಳಿ ನಿಂತಿದ್ದ. ಗ್ರೀಸು ತೊಳೆದುಕೊಂಡಿದ್ದ, ಅಂಗಿಗೆ ಇಸ್ತ್ರಿಯನ್ನೂ ಹಾಕಿದ್ದ.

"ಟೀಚರ್, ನಿಮ್ಮಜ್ಜಿ ಹಾಡೋದನ್ನ ಒಂದ್ಸಲ ಹತ್ತಿರದಿಂದ ಕೇಳ್ಬೇಕು."

"ಯಾಕೆ? ದನಿ ಸಣ್ಣದು ಅಂದ್ರಲ್ಲ!"

"ಅಂದೆ. ನಿನ್ನೆಯಿಂದ ನಿದ್ದೆ ಬಂದಿಲ್ಲ."

ಇವನಿಗೆ ಸುಳ್ಳು ಹೇಳೋಕೂ ಬರಲ್ಲವಲ್ಲ... ಎಂದುಕೊಂಡಳು ನೆರೈದಾ. ಯಾಕೋ ಅದು ಹಿಡಿಸಿತು.

ಅಜ್ಜಿ ಅವನನ್ನು ಕೂರಿಸಿ ಮೊದಲು ಒಂದು ಬುಟ್ಟಿ ಮರಗೆಣಸು ಸುಲಿಸಿದಳು. ಆಮೇಲೆ ಹಿತ್ತಲಲ್ಲಿ ಡೋಲಿನವನನ್ನು ಕರೆದು, ದಾಗೊನಿಗೆ ಚಪ್ಪಾಳೆ ಹೊಡೆಯುವ ಕೆಲಸ ಕೊಟ್ಟು ಹಾಡಲು ಶುರು ಮಾಡಿದಳು. ಎರಡು ಹೆಜ್ಜೆ ಮುಂದೆ, ಎರಡು ಹಿಂದೆ, ಡೋಲಿನ ಸುತ್ತ ಒಂದು ಸುತ್ತು. ದಾಗೊನ ಚಪ್ಪಾಳೆ ಅರ್ಧದಲ್ಲೇ ನಿಂತಿತು.

"ಅಜ್ಜೀ, ಜನಕ್ಕೆ ಬೆನ್ನು ಹಾಕಿ ಹಾಡ್ತೀರಲ್ಲ?"

"ಜನಕ್ಕೆ ಹಾಡ್ತೀನಿ ಅಂತ ಯಾವನೋ ಹೇಳಿದ್ದು? ನಾನು ಡೋಲಿಗೆ ಹಾಡೋದು. ಜನ ಬಂದು ಸೇರ್ಕೋತಾರೆ."

ಅವನು ಹಣೆ ಚಚ್ಚಿಕೊಂಡ. ಮೈಕನ್ನು ಮುಂದೆ ಕಂಬ ನೆಟ್ಟು ನಿಲ್ಲಿಸಿದ್ದ, ಅಜ್ಜಿ ಅದರ ಕಡೆ ತಿರುಗುವುದೇ ಇಲ್ಲ! ಮೇಲಾಗಿ ಮೊಸಳೆಯ ಬಾಯಿಯನ್ನು ಬೀದಿಬಾಗಿಲಿಗೆ ತಿರುಗಿಸಿದ್ದ. ನಮ್ಮೂರಿನ ಪಿಕೊದವರೆಲ್ಲ ಮಾಡುವುದು ಹಾಗೇ. ಪಕ್ಕದ ಬೀದಿಗೆ ಕೇಳದ ಸಂಗೀತ ಸಂಗೀತವೇ ಅಲ್ಲ ಎಂದು ಹುಟ್ಟಿದಾಗಿನಿಂದ ನಂಬಿಕೊಂಡು ಬಂದವರು. ಬೀದಿಗೆಲ್ಲ ಕೇಳುತ್ತಿತ್ತು, ಒಳಗೆ ಕೂತವರಿಗೆ ಗುಡುಗು ಬಿಟ್ಟರೆ ಬೇರೇನೂ ಇಲ್ಲ.

"ದೊಡ್ಡದು ಬೇಡ ಟೀಚರ್," ಎಂದ, ಕಣ್ಣು ಹೊಳೆಯುತ್ತಿತ್ತು. "ಸಣ್ಣ ಸಣ್ಣ ಸ್ಪೀಕರ್ ಬೇಕು. ಎರಡೂ ಗೋಡೆಗೆ, ಕೂತೋರ ಕಿವಿ ಮಟ್ಟಕ್ಕೆ, ಡೋಲಿಗೆ ಬೆನ್ನು ಮಾಡಿ. ಎರಡು ಮೈಕನ್ನ ತೊಲೆಗೆ ಕಟ್ಟಿ ಡೋಲಿನ ಮೇಲೆ ಇಳಿಬಿಡೋಣ. ಅಜ್ಜಿ ಹೆಂಗಾದ್ರೂ ತಿರುಗ್ಲಿ!"

"ಮತ್ತೆ ಆ ತಗಡು? ಆ ಬರೀ ಗೋಡೆ? ಒಂದು ಪದ ಅಂದ್ರೆ ನಾಲ್ಕು ಸಲ ವಾಪಸ್ ಬರುತ್ತೆ."

"ಗೋಡೆಗೆ ಬಟ್ಟೆ ಬೇಕು. ದಪ್ಪ ಬಟ್ಟೆ. ಕೊಳ್ಳೋಕೆ ಎಲ್ಲಿಂದ ತರೋದು?"

ನೆರೈದಾ ಹಿತ್ತಲಲ್ಲಿ ತೂಗುತ್ತಿದ್ದ, ಅಜ್ಜಿ ಮಲಗುವ ದಪ್ಪ ಬಟ್ಟೆಯ ಜೋಲಿಯನ್ನು ನೋಡಿದಳು. ಬೋಕಾ ಮಾಂಗ್ಲೆಯಲ್ಲಿ ಜೋಲಿ ಇಲ್ಲದ ಮನೆಯೇ ಇಲ್ಲ!

ಮೂರು ದಿನ ಇಬ್ಬರೂ ಮನೆಮನೆ ಸುತ್ತಿದರು. ಕೆಂಪು, ಹಳದಿ, ನೀಲಿ ಪಟ್ಟೆಯ ಐವತ್ತು ಜೋಲಿಗಳು ಬಂದವು. "ನನ್ನ ಗಂಡನನ್ನೂ ತಗೊಂಡೋಗಿ, ಅವನೂ ಅದರಲ್ಲೇ ಬಿದ್ದಿರ್ತಾನೆ," ಎಂದಳು ಮೀನು ಮಾರುವವಳೊಬ್ಬಳು. ಗೋಡೆಗೆ ಜೋಲಿ ಕಟ್ಟುವಾಗ ಏಣಿಯ ಮೇಲೆ ಅವನು, ಕೆಳಗೆ ಹಗ್ಗ ಹಿಡಿದು ಅವಳು. ಹಗ್ಗ ಕೊಡುವಾಗ ಬೆರಳು ಬೆರಳಿಗೆ ತಾಗಿತು. ಇಬ್ಬರೂ ಹಗ್ಗ ಬಿಟ್ಟರು. ಜೋಲಿ ಧೊಪ್ಪೆಂದು ಅವಳ ತಲೆಯ ಮೇಲೆ ಬಿತ್ತು.

"ಸತ್ರಾ ಟೀಚರ್?"

"ಇಲ್ಲ!" ಎಂದಳು ಒಳಗಿನಿಂದ. ನಗುತ್ತಿದ್ದಳು. ಅಯ್ಯೋ ದೇವರೇ, ಈ ಮನುಷ್ಯನನ್ನು ಕಂಡರೆ ನನಗೆ ಯಾಕಿಷ್ಟು ಖುಷಿ...?

ಸಣ್ಣ ಸ್ಪೀಕರುಗಳದ್ದೊಂದೇ ಬಾಕಿ. "ಅದು ನನಗೆ ಬಿಡಿ," ಎಂದಿದ್ದ ದಾಗೊ.

ಶುಕ್ರವಾರ ಸಂಜೆ ಅವಳು ಭವನಕ್ಕೆ ಹೋದಾಗ ಮೊಸಳೆ ಇರಲಿಲ್ಲ. ಸಮಿತಿಯ ಆಂಪ್ಲಿಫೈಯರೂ ಇರಲಿಲ್ಲ! ಬಾಗಿಲಲ್ಲಿ ಸಮಿತಿಯ ಅಧ್ಯಕ್ಷರು ಡಾನ್ ವಿಲ್ಫ್ರಿದೊ ಕೂತಿದ್ದರು; ಹಿರಿಯರನ್ನು ಇಲ್ಲಿ 'ಡಾನ್' ಎಂದು ಕರೆಯುವುದು ಮರ್ಯಾದೆ. ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಚುರುಕು.

"ಎಲ್ಲಾ ಲಾರಿಗೆ ಹೇರ್ಕೊಂಡು ಪಲ್ಮಾರಿಗೆ ಹೋದ ಕಣಮ್ಮ. ನಾಳೆ ಅಲ್ಲಿ ಪಿಕೊಗಳ ಪಂದ್ಯ ಅಲ್ವಾ, ಯಾರ ಸೌಂಡು ಜೋರು ಅಂತ? ಮೊಸಳೆ ಸಾಕಿದೋನು ಪಂದ್ಯ ಬಿಟ್ಟಾನಾ?"

ನೆರೈದಾ ಅಲ್ಲೇ ಬೆಂಚಿನ ಮೇಲೆ ಕುಸಿದಳು. ನಿದ್ದೆ ಬರಲಿಲ್ಲ ಅಂದವನು ಇವನೇನಾ? ಅಜ್ಜಿಯ ಹಾಡಿಗಿಂತ ಅವನಿಗೆ ಪಂದ್ಯ ದೊಡ್ಡದಾಯಿತಾ? ಗ್ರೀಸಿನ ಕೆನ್ನೆಗೆ ಮರುಳಾದ ನಾನೆಂಥ ಪೆದ್ದಿ...!

ಶನಿವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು.

"ಟೀಚರ್, ನಾನು ದಾಗೊ."

"ಹೋಗಿ. ಗೆದ್ದಿದ್ರೆ ಊರಲ್ಲಿ ಮೆರೀರಿ. ನಮ್ಮನೆ ಮುಂದೆ ಬೇಡ."

ಹೊರಗೆ ಹೆಜ್ಜೆಗಳು ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದವು.

"ಬಾಗಿಲಿಗೆ ಕಥೆ ಹೇಳೋ ಅಭ್ಯಾಸ ನನಗಿಲ್ಲ," ಎಂದ ಕೊನೆಗೆ. ದನಿಯಲ್ಲಿ ನೋವಿತ್ತು. "ನಾಳೆ ಬನ್ನಿ. ಕೇಳಿ."

ಅವಳು ಬಾಗಿಲು ತೆಗೆಯಲಿಲ್ಲ. ಆದರೆ ಕಿಟಕಿಯ ಪರದೆ ಸರಿಸಿ, ಅವನು ಬೀದಿಯ ತಿರುವು ದಾಟುವವರೆಗೂ ನೋಡಿದಳು. ಒಲೆಯ ಮುಂದೆ ಕೂತಿದ್ದ ಅಜ್ಜಿ ಇದನ್ನೆಲ್ಲ ನೋಡಿಯೂ ತೆಂಗಿನಹಾಲಿನ ಅನ್ನ ತಿರುವುತ್ತಿದ್ದಳು.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಭವನ ತುಂಬಿ, ಹೊರಗಿನ ಕಟ್ಟೆಯ ಮೇಲೂ ಜನ. ನೆರೈದಾ ಅಜ್ಜಿಯ ಕೈ ಹಿಡಿದು ಒಳಗೆ ಬಂದವಳು ನಿಂತಲ್ಲೇ ನಿಂತಳು.

ಎರಡೂ ಗೋಡೆಗೆ, ಜೋಲಿಗಳ ನಡುನಡುವೆ, ಎಂಟು ಸಣ್ಣ ಸ್ಪೀಕರುಗಳು! ತೊಲೆಯಿಂದ ಇಳಿದ ಎರಡು ಮೈಕು. ಮೂಲೆಯಲ್ಲಿ ಆಂಪ್ಲಿಫೈಯರ್, ಅದರ ಪಕ್ಕ ದಾಗೊ. ಅವಳ ಕಡೆ ನೋಡಲೇ ಇಲ್ಲ.

"ಮೊಸಳೆ ಎಲ್ಲಿ?" ಎಂದಳು ಡಾನ್ ವಿಲ್ಫ್ರಿದೊಗೆ.

"ನಿನಗೆ ಗೊತ್ತಾಗ್ಲಿಲ್ವಾ?" ಮುದುಕರು ತಲೆ ಕೆರೆದುಕೊಂಡರು. "ಪಲ್ಮಾರಿನೋನಿಗೆ ಪೆಟ್ಟಿಗೆ ನಾಲ್ಕೂ ಕೊಟ್ಟು, ಬದಲಿಗೆ ಇವನ್ನ ಆರಿಸ್ಕೊಂಡು ಬಂದ. ನಮ್ಮ ಆಂಪ್ಲಿಫೈಯರಿಗೆ ಹೊಂದುತ್ತಾ ಅಂತ ಒಂದೊಂದನ್ನೂ ಅಲ್ಲೇ ಹಾಕಿ ನೋಡಿದ್ನಂತೆ. ಮೊಸಳೆ ಕೊಟ್ಟು ಹಲ್ಲಿ ತಂದ ಅಂತ ಬೆಳಿಗ್ಗೆಯಿಂದ ಊರೆಲ್ಲಾ ನಗ್ತಿದೆ."

ನೆರೈದಾ ಗೋಡೆಯ ಸ್ಪೀಕರುಗಳನ್ನು ಮತ್ತೊಮ್ಮೆ ನೋಡಿದಳು. ಪಿಕೊದವನಿಗೆ ಪಿಕೊ ಎಂದರೆ ಬರೀ ಪೆಟ್ಟಿಗೆಯಲ್ಲ, ಅವನ ಹೆಸರೇ ಅದು. ಹೆಸರು ಕೊಟ್ಟು ಬಂದವನ ಮುಖದ ಮೇಲೆ ನಾನು ಬಾಗಿಲು ಹಾಕಿದೆನಲ್ಲ...!

ಡೋಲು ಶುರುವಾಯಿತು. ಅಜ್ಜಿ ಎಲ್ಲರಿಗೂ ಬೆನ್ನು ಹಾಕಿ ಡೋಲಿನ ಮುಂದೆ ನಿಂತಳು.

ಮೊದಲ ಪದ ಬಂತು. ಚೀರಾಟವಿಲ್ಲ, ಗುಡುಗಿಲ್ಲ. ಅಜ್ಜಿ ಪಕ್ಕದಲ್ಲೇ ಕೂತು ಹಾಡಿದ ಹಾಗೆ... ಅವಳು ಎರಡನೆಯ ಸಾಲಿಗೆ ಮುನ್ನ ಉಸಿರೆಳೆದದ್ದೂ ಕೇಳಿಸಿತು! ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿದರು. ಕೊನೆಯ ಬೆಂಚಿನಿಂದ ಡಾನ್ ವಿಲ್ಫ್ರಿದೊ ಎದ್ದು ನಿಂತು ಕೂಗಿದರು:

"ಕೇಳ್ತಿದೆ ಎತೆಲ್ವಿನಾ! ನನಗೇ ಕೇಳ್ತಿದೆ!"

ಭವನ ಚಪ್ಪಾಳೆಯಲ್ಲಿ ಮುಳುಗಿತು. ಎರಡನೇ ಹಾಡಿಗೆ ನೆರೈದಾಳ ಶಾಲೆಯ ಮಕ್ಕಳು ಪಲ್ಲವಿಯನ್ನು ಪದಕ್ಕೆ ಪದ ತಿರುಗಿ ಹೇಳಿದರು. ಅವಳ ಕಣ್ಣೀರು ಧಾರಾಕಾರ.

ಮೂರನೆಯದಕ್ಕೆ ಅಜ್ಜಿ ಡೋಲಿನ ಸುತ್ತ ಒಂದು ಸುತ್ತು ಬಂದು, ಕಣ್ಣು ಮಿಟುಕಿಸಿ, ಅಲ್ಲೇ ಕಟ್ಟಿದ ಪದ ಹಾರಿಸಿದಳು:

"ಮೊಸಳೆ ಮಾರ್ಕೊಂಡ ಹುಡುಗ ಬಂದು ಕದ ಬಡಿದಾಗ,
ಬಾಗ್ಲು ಹಾಕ್ದೋಳು ನನ್ನ ಮೊಮ್ಮಗಳೇ...
ಕಿಟಕೀಲಿ ಇಣುಕಿ ನೋಡ್ದೋಳೂ ಅವಳೇ!"

"ಕಿಟಕೀಲಿ ಇಣುಕಿ ನೋಡ್ದೋಳೂ ಅವಳೇ!" ಎಂದು ಇಡೀ ಊರು ಹಾಡಿತು. ಒಂದೇ ಒಂದು ಪದವನ್ನೂ ಯಾರೂ ತಪ್ಪಿಸಿಕೊಂಡಿರಲಿಲ್ಲ, ಅಯ್ಯೋ!

ದಾಗೊ ತಲೆಯೆತ್ತಿದ. ಆ ದಿನ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

ಬುಯೆರೆಂಗೆಯಲ್ಲಿ ಯಾರ ಮೇಲೆ ಪದ ಬಿತ್ತೋ ಅವರು ಎದ್ದು ಬಂದು ಉತ್ತರ ಕೊಡಬೇಕು. ಕೊಡದಿದ್ದರೆ ಹಾಡು ಅಲ್ಲಿಗೇ ಸಾಯುತ್ತದೆ. ಡೋಲು ಕಾಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅಜ್ಜಿಯ ಹಾಡು ಕೇಳಿದ್ದ ನೆರೈದಾ ಒಮ್ಮೆಯೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ನನ್ನಿಂದಾಗಲ್ಲ... ಎಂದುಕೊಳ್ಳುತ್ತಲೇ ಅವಳ ಕಾಲು ನಡೆದಿತ್ತು.

ಡೋಲಿನ ಮುಂದೆ ನಿಂತಳು. ದನಿ ನಡುಗಿತು. ಆದರೂ ಹಾಡಿದಳು:

"ದುಡುಕಿ ಬಾಗ್ಲು ಹಾಕಿದ್ದು ನಾನೇ, ತಪ್ಪು ನಂದೇ...
ತೆಗೆದಿಟ್ಟಿದ್ದೀನಿ ಈಗ, ಒಳಗೆ ಬಾರೋ ಅಂದೆ!"

"ಒಳಗೆ ಬಾರೋ ಅಂದೆ! ಒಳಗೆ ಬಾರೋ ಅಂದೆ!" ಕಟ್ಟೆಯಿಂದ, ಬೀದಿಯಿಂದ, ಕೊನೆಯ ಬೆಂಚಿನಿಂದ ಪಲ್ಲವಿ ಎದ್ದು ಬಂತು. ಮೀನು ಮಾರುವವಳು ದಾಗೊನ ಬೆನ್ನಿಗೆ ಗುದ್ದಿ ಮುಂದೆ ತಳ್ಳಿದಳು. ಅಜ್ಜಿ ಮೊಮ್ಮಗಳ ಹಣೆಗೆ ಮುತ್ತಿಟ್ಟು, ಡೋಲಿನ ಮುಂದಿನ ಜಾಗವನ್ನು ಅವಳಿಗೇ ಬಿಟ್ಟು, ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಳು.

ಹಾಡು ಮುಗಿದು ಜನ ಹುರಿದ ಮೀನು, ಬಾಳೆಕಾಯಿಯ ಕಡೆ ಹೊರಳಿದಾಗ ಅವರಿಬ್ಬರೂ ಜೋಲಿಗಳ ಬಳಿ ಉಳಿದರು.

"ಕ್ಷಮಿಸ್ತೀರಾ?"

"ಕೇಳೋದೆಲ್ಲ ಊರ ಮುಂದೆ ಕೇಳಿ ಆಯ್ತಲ್ಲ ಟೀಚರ್. ಇನ್ನೇನು ಉಳಿದಿದೆ?"

"ಟೀಚರ್ ಅನ್ಬೇಡ."

"ಸರಿ... ನೆರೈದಾ."

ಆ ಒಂದು ಮಾತಿಗೆ ಅವಳ ಮೈ ಝುಂ ಎಂದಿತು.

"ಮೊಸಳೆ ಹೋಯ್ತಲ್ಲ ದಾಗೊ, ಬೇಜಾರಿಲ್ವಾ?"

"ಇದೆ. ಸುಳ್ಳು ಯಾಕೆ ಹೇಳ್ಲಿ? ಲಾರಿಯಲ್ಲಿ ವಾಪಸ್ ಬರ್ತಾ ಅತ್ತುಬಿಟ್ಟೆ."

"ಮತ್ಯಾಕೆ ಕೊಟ್ಟೆ?"

"ಅವತ್ತು ಹಿತ್ತಲಲ್ಲಿ ಅಜ್ಜಿ ಹಾಡ್ವಾಗ ನಿನ್ನ ಮುಖ ನೋಡಿದ್ದೆ. ಇಡೀ ಊರೇ ಆ ಹಾಡು ಕೇಳಿದ್ರೆ ಈ ಮುಖ ಹೆಂಗಿರುತ್ತೆ, ಒಂದ್ಸಲ ನೋಡ್ಬೇಕು ಅನ್ನಿಸ್ತು."

"ನೋಡಿದ್ಯಾ?"

"ಎಲ್ಲಿ? ಅಜ್ಜಿ ಹಾಡೋವಾಗ್ಲೆಲ್ಲ ಕೈಯಲ್ಲಿ ಮುಖ ಮುಚ್ಕೊಂಡು ಅಳ್ತಿದ್ದೆ ನೀನು!"

ನೆರೈದಾ ಕಣ್ಣೊರೆಸಿಕೊಂಡು, ಒಂದು ಹೆಜ್ಜೆ ಹತ್ತಿರ ಬಂದು, ಮುಖವೆತ್ತಿದಳು.

"ಈಗ ನೋಡು."